ಮಾತ್ರೆಯ ಗುಣದೊಡನೆ ಹಾನಿಯನ್ನೂ ಕೇಳೋಣ

ಮಳೆಗಾಲದ ಸಂಜೆಗಳಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆಯ ಔಷಧ ಅಂಗಡಿಗಳ ಮುಂದೆ ಜನ ಸೇರುವುದು ನಾವೆಲ್ಲ ಕಂಡ ನೋಟ. ಹೊಗೆಸೊಪ್ಪು ಮುರಿದು ಬಂದವರಿಗೆ ತಲೆನೋವು. ನಾಟಿ ಮುಗಿಸಿ ಬಂದವರಿಗೆ ಸೊಂಟನೋವು. ಮನೆಯಲ್ಲಿ ಮಗುವಿಗೆ ನೆಗಡಿ. "ನೋವಿಗೆ ಎರಡು ಮಾತ್ರೆ ಕೊಡಿ" ಎಂದರೆ ಸಾಕು, ಹೆಸರೂ ಅವಧಿಯೂ ಕಾಣದಂತೆ ಕತ್ತರಿಸಿದ ತುಂಡೊಂದು ಕೈಸೇರುತ್ತದೆ. ವೈದ್ಯರಲ್ಲಿಗೆ ಹೋದರೆ ಒಂದು ದಿನದ ಕೂಲಿ ನಷ್ಟವೆಂಬ ಬಡವರ ಲೆಕ್ಕವನ್ನು ನಾವು ಹಗುರವಾಗಿ ಕಾಣಲಾರೆವು. ಆದರೆ ಆ ಲೆಕ್ಕದಲ್ಲಿ ಮಾತ್ರೆಯಿಂದಾಗಬಹುದಾದ ಹಾನಿಯೂ ಸೇರಬೇಕೆಂಬುದೇ ನಮ್ಮ ವಿನಂತಿ.

ನೋವಿನ ಮಾತ್ರೆಗಳೆಲ್ಲ ಒಂದೇ ಅಲ್ಲ. ಪ್ಯಾರಸಿಟಮಾಲ್ ಜ್ವರ, ತಲೆನೋವುಗಳಿಗೆ ಒದಗುತ್ತದೆ. ಹೊಟ್ಟೆಯನ್ನು ಅಷ್ಟಾಗಿ ಕೆಡಿಸದು. ಆದರೆ ವಯಸ್ಕರಲ್ಲಿಯೂ ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯ. ಅನೇಕ ನೆಗಡಿ ಮಾತ್ರೆಗಳಲ್ಲಿಯೂ ಅದೇ ಔಷಧವಿರುವುದರಿಂದ ಅರಿಯದೆ ಇಮ್ಮಡಿ ಸೇವಿಸುವ ಸಂಭವವುಂಟು. ಡೈಕ್ಲೋಫೆನಾಕ್ ಊತದ ನೋವನ್ನು ಚೆನ್ನಾಗಿ ತಗ್ಗಿಸುತ್ತದೆ. ಅದರ ಜೊತೆಗೆ ಜಠರದ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ತೊಂದರೆಗಳನ್ನೂ ತರಬಲ್ಲದು. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವುದು ಕಾನೂನಿಗೆ ವಿರುದ್ಧ. ಡೆಂಗಿಯ ಶಂಕೆಯಿರುವ ಜ್ವರದಲ್ಲಂತೂ ಡೈಕ್ಲೋಫೆನಾಕ್, ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ವರ್ಜಿಸಲೇಬೇಕು. ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

ಬಹುಕಾಲದಿಂದ ಮಾರಾಟವಾಗುತ್ತಿದೆ ಎಂಬುದು ಗುಣಕ್ಕೆ ಸಾಕ್ಷಿಯಲ್ಲ. ಕಟ್ಟಿದ ಮೂಗಿಗೆಂದು ನೆಗಡಿ ಮಾತ್ರೆಗಳಲ್ಲಿ ಬೆರೆಸುವ ಫಿನೈಲೆಫ್ರಿನ್, ಬಾಯಿಯ ಮೂಲಕ ಸೇವಿಸಿದಾಗ ಪರಿಣಾಮಕಾರಿಯಲ್ಲವೆಂದು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ ಅಭಿಪ್ರಾಯಪಟ್ಟಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷಬೆರೆತ ಕೆಮ್ಮಿನ ಔಷಧ ಕುಡಿದು ಹಲವು ಮಕ್ಕಳು ಅಸುನೀಗಿದರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ಕೂಡದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸೂಕ್ತವಲ್ಲ ಎಂದು ಕೇಂದ್ರ ಸರ್ಕಾರ ಆಗ ಸೂಚಿಸಿತು. ಮಕ್ಕಳ ನೆಗಡಿ ಬಹುಮಟ್ಟಿಗೆ ತಾನಾಗಿಯೇ ವಾಸಿಯಾಗುತ್ತದೆ.

ಕೆಲವು ನೋವಿಗೆ ಮಾತ್ರೆ ಉತ್ತರವೇ ಅಲ್ಲ. ಒದ್ದೆ ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕ ಮೈಸೇರಿದಾಗ ತಲೆನೋವು, ತಲೆಸುತ್ತು, ವಾಂತಿ ಉಂಟಾಗುತ್ತವೆ. ಅಲ್ಲಿ ಮೊದಲು ಆಗಬೇಕಾದುದು ಕೆಲಸ ನಿಲ್ಲಿಸಿ, ಒದ್ದೆ ಬಟ್ಟೆ ಕಳಚಿ, ಸಾಬೂನಿನಿಂದ ಮೈತೊಳೆಯುವುದು. ಬರಿಯ ಮಾತ್ರೆ ನುಂಗಿ ಮತ್ತೆ ಹೊಲಕ್ಕಿಳಿದರೆ ಕಾರಣ ಹಾಗೆಯೇ ಉಳಿಯುತ್ತದೆ.

ಆದುದರಿಂದ ಅಂಗಡಿಯಲ್ಲಿ ಸಂಕೋಚಪಡದೆ ಕೇಳೋಣ: ಇದರ ಹೆಸರೇನು? ಯಾವುದಕ್ಕೆ, ಎಷ್ಟು, ಎಷ್ಟು ದಿನ? ಯಾರು ಸೇವಿಸಬಾರದು? ಗರ್ಭಿಣಿಯರು, ವೃದ್ಧರು, ರಕ್ತದೊತ್ತಡ, ಮೂತ್ರಪಿಂಡ ಅಥವಾ ಜಠರದ ರೋಗವುಳ್ಳವರು ಅದನ್ನು ಮೊದಲೇ ತಿಳಿಸಲಿ. ಜ್ವರ ಮೂರು ದಿನ ಮೀರಿದರೆ, ಮಲ ಕಪ್ಪಾದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲು ತಡಮಾಡಬಾರದು. ಉಳಿಸಿದ ಒಂದು ದಿನದ ಕೂಲಿಗಾಗಿ ಬದುಕನ್ನೇ ಒತ್ತೆಯಿಡುವುದು ಬೇಡ.