ಮುಪ್ಪೋ, ಬಿಸಿಲೋ?

ಮಗಳ ಮದುವೆಗೆ ಇನ್ನೊಂದೇ ತಿಂಗಳು. ಲಗ್ನಪತ್ರಿಕೆಗಳು ಅಚ್ಚಾಗಿ ಬಂದಿವೆ, ಸೀರೆಗಳ ಆಯ್ಕೆ ಮುಗಿದಿದೆ, ಅಡಿಗೆಯವರಿಗೆ ಮುಂಗಡವನ್ನೂ ಕೊಟ್ಟಾಗಿದೆ. ವರ್ಷಗಟ್ಟಲೆ ಕನ್ನಡಿಯ ಮುಂದೆ ಎರಡು ನಿಮಿಷಕ್ಕಿಂತ ಹೆಚ್ಚು ನಿಂತು ಅರಿಯದ ತಾಯಿ, ಅಂದು ಸಂಜೆ ಬಿಡುವಾಗಿ ತನ್ನ ಮುಖವನ್ನು ನೋಡಿಕೊಳ್ಳುತ್ತಾಳೆ. ಕೆನ್ನೆಗಳೆರಡರ ಮೇಲೂ ಬಂಗು ಹರಡಿದೆ. ಕಣ್ಣಿನ ಕೊನೆಯಲ್ಲಿ ಬೀಸಣಿಗೆಯ ಕಡ್ಡಿಗಳಂತೆ ಗೆರೆಗಳು. ಕುತ್ತಿಗೆಯ ಚರ್ಮ ಸಡಿಲವಾಗಿದೆ. “ವಯಸ್ಸಾಯಿತು” ಎಂದು ಆಕೆ ನಿಟ್ಟುಸಿರು ಬಿಡುವುದಕ್ಕೂ ಪಕ್ಕದ ಮನೆಯಾಕೆ ಒಳಗೆ ಬರುವುದಕ್ಕೂ ಸರಿಹೋಗುತ್ತದೆ. “ಅದಕ್ಕೇಕೆ ಚಿಂತೆ ಅಕ್ಕ? ನಮ್ಮ ನಾದಿನಿ ಒಂದು ಕ್ರೀಮು ಹಚ್ಚಿಕೊಂಡಳು. ಹದಿನೈದೇ ದಿನಕ್ಕೆ ಮುಖ ಮಲ್ಲಿಗೆಯ ಹಾಗಾಯಿತು. ಔಷಧದಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಡಾಕ್ಟರ ಚೀಟಿಯೂ ಬೇಡ!” ಇಂಥ ಮನೆ, ಇಂಥ ಮಾತು ಯಾವ ಊರಿನಲ್ಲಿಲ್ಲ?

ಕ್ರೀಮಿನ ವಿಚಾರ ಸದ್ಯಕ್ಕೆ ಹಾಗಿರಲಿ. ಆ ತಾಯಿ ಕನ್ನಡಿಯಲ್ಲಿ ಕಂಡದ್ದು ನಿಜವಾಗಿಯೂ ವಯಸ್ಸೇ ಎಂಬುದನ್ನು ಮೊದಲು ಪರಿಶೀಲಿಸಬೇಕು. ಅದಕ್ಕೆ ಪ್ರಯೋಗಶಾಲೆಯ ಅಗತ್ಯವಿಲ್ಲ. ತೋಳಿನ ಒಳಮಗ್ಗುಲಿನಲ್ಲಿ, ಕಂಕುಳಿಗೆ ಸಮೀಪದಲ್ಲಿರುವ ಚರ್ಮವನ್ನೊಮ್ಮೆ ನೋಡಿ, ಅನಂತರ ಅದೇ ಕೈಯ ಹಸ್ತದ ಮೇಲ್ಭಾಗವನ್ನು ನೋಡಿದರೆ ಸಾಕು. ಎರಡೂ ಒಂದೇ ದಿನ ಹುಟ್ಟಿದ ಚರ್ಮಗಳು. ಎರಡಕ್ಕೂ ಅದೇ ನಲವತ್ತೆಂಟು ವರ್ಷ. ಆದರೆ ರವಿಕೆಯ ಮರೆಯಲ್ಲಿದ್ದ ಚರ್ಮ ಇನ್ನೂ ನಯವಾಗಿ ಒಂದೇ ಬಣ್ಣದಲ್ಲಿದೆ. ಹಸ್ತದ ಚರ್ಮವೋ ಒರಟಾಗಿ, ಕಪ್ಪಾಗಿ, ಚುಕ್ಕೆಚುಕ್ಕೆಯಾಗಿದೆ. ಈ ವ್ಯತ್ಯಾಸಕ್ಕೆ ವಯಸ್ಸನ್ನು ದೂರಿ ಫಲವಿಲ್ಲ. ಇದರಲ್ಲಿ ಬಹುಪಾಲು ಬಿಸಿಲಿನ ಕೆಲಸ.

ವಯಸ್ಸಿನ ಪಾಲು ಇಲ್ಲವೇ ಇಲ್ಲವೆಂದಲ್ಲ. ಹೊರಚರ್ಮದ ಕಣಗಳು ಕೆಳಗಿನಿಂದ ಹುಟ್ಟಿ ಮೇಲಕ್ಕೆ ಬಂದು ಉದುರುವುದಕ್ಕೆ ಎಳೆಯ ವಯಸ್ಸಿನಲ್ಲಿ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ವಯಸ್ಸಾದಂತೆ ಈ ನಡಿಗೆ ನಿಧಾನವಾಗುತ್ತದೆ. ಒಳಚರ್ಮಕ್ಕೆ ಬಿಗಿಯನ್ನು ಕೊಡತಕ್ಕ ಕೊಲಾಜನ್ ಎಂಬ ನಾರು ತಾರುಣ್ಯ ಕಳೆದ ಮೇಲೆ ವರ್ಷಕ್ಕೆ ಸುಮಾರು ನೂರಕ್ಕೆ ಒಂದರಂತೆ ಕಡಿಮೆಯಾಗುತ್ತ ಹೋಗುತ್ತದೆ. ಸ್ತ್ರೀಯರಲ್ಲಿ ಮುಟ್ಟು ನಿಂತ ನಂತರದ ಐದಾರು ವರ್ಷಗಳಲ್ಲಿ ಈ ನಷ್ಟ ಇನ್ನೂ ತ್ವರಿತ. ಎಣ್ಣೆಯ ಗ್ರಂಥಿಗಳು ಸೋಲುತ್ತವೆ, ಚರ್ಮ ಒಣಗುತ್ತದೆ. ಆದರೆ ಬಟ್ಟೆಯ ಮರೆಯಲ್ಲಿ ಮುಪ್ಪಡರಿದ ಚರ್ಮ ತೆಳುವಾಗುತ್ತದೆ, ಸಣ್ಣಗೆ ನಿರಿಗೆಗಟ್ಟುತ್ತದೆ, ಅಷ್ಟೆ. ಆಳವಾದ ಗೆರೆ, ಕಲೆ, ಒರಟುತನ ಇವೆಲ್ಲ ಬೆಳಕಿಗೆ ಒಡ್ಡಿದ ಚರ್ಮದ ಲಕ್ಷಣಗಳು.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಲ್ಲಿ ಎರಡು ಬಗೆ ಭೂಮಿಯನ್ನು ಮುಟ್ಟುತ್ತವೆ. ‘ಬಿ’ ಎಂಬ ಬಗೆ ಚರ್ಮದ ಮೇಲ್ಪದರವನ್ನು ಸುಡುತ್ತದೆ. ಸುಟ್ಟದ್ದು ಉರಿಯಿಂದ ತಿಳಿಯುತ್ತದೆ. ‘ಎ’ ಎಂಬುದು ಉರಿಯನ್ನುಂಟುಮಾಡದೆ ಒಳಚರ್ಮದವರೆಗೆ ಇಳಿದು, ಕೊಲಾಜನ್ನನ್ನು ಕತ್ತರಿಸುವ ರಸಗಳನ್ನು ಕೆರಳಿಸುತ್ತದೆ. ಕಿಟಕಿಯ ಸಾಮಾನ್ಯ ಗಾಜು ಮೊದಲನೆಯದನ್ನು ಬಹುಮಟ್ಟಿಗೆ ತಡೆಯುತ್ತದೆ, ಎರಡನೆಯದನ್ನು ಒಳಕ್ಕೆ ಬಿಡುತ್ತದೆ. ಇದಕ್ಕೆ ಕಣ್ಣಿಗೆ ಕಟ್ಟುವಂಥ ನಿದರ್ಶನ ೨೦೧೨ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಪ್ಪತ್ತೆಂಟು ವರ್ಷ ಲಾರಿ ನಡೆಸಿದ ಅರವತ್ತೊಂಬತ್ತು ವರ್ಷದ ಒಬ್ಬಾತನ ಭಾವಚಿತ್ರ ಅದು. ಆ ದೇಶದಲ್ಲಿ ಚಾಲಕ ಎಡಕ್ಕೆ ಕುಳಿತುಕೊಳ್ಳುತ್ತಾನೆ. ಕಿಟಕಿಯ ಕಡೆಗಿದ್ದ ಎಡಗೆನ್ನೆ ಉತ್ತ ಹೊಲದಂತೆ ಸಾಲುಸಾಲಾಗಿ ಸುಕ್ಕುಗಟ್ಟಿ ಜೋತುಬಿದ್ದಿತ್ತು. ಬಲಗೆನ್ನೆ ಅದಕ್ಕಿಂತ ಎಷ್ಟೋ ವರ್ಷ ಚಿಕ್ಕವನದೆಂಬಂತೆ ಕಾಣುತ್ತಿತ್ತು. ಒಂದೇ ತಲೆಯ ಮೇಲೆ ಅಣ್ಣನ ಮುಖ ಅರ್ಧ, ತಮ್ಮನ ಮುಖ ಅರ್ಧ! ಭಾರತದಲ್ಲಿ ಚಾಲಕನ ಸ್ಥಾನ ಬಲಕ್ಕಿರುವುದರಿಂದ, ಇಲ್ಲಿಯ ಲಾರಿ, ಬಸ್ಸುಗಳ ಚಾಲಕರು ಬಲಗೆನ್ನೆಯನ್ನೂ ಬಲಗೈಯನ್ನೂ ಗಮನಿಸಿಕೊಳ್ಳತಕ್ಕದ್ದು.

ಕಂದುಬಣ್ಣದ ಚರ್ಮಕ್ಕೆ ಈ ಭಯವೇಕೆ, ಅದು ಬಿಳಿಯರ ಗೋಳಲ್ಲವೆ, ಎಂದು ಕೇಳುವವರುಂಟು. ಅರ್ಧ ನಿಜ. ಮೆಲನಿನ್ ಎಂಬ ವರ್ಣದ್ರವ್ಯ ಒಳ್ಳೆಯ ಕಾವಲುಗಾರ. ಅದರ ದಯೆಯಿಂದ ಕಂದು ಚರ್ಮದವರಿಗೆ ಸುಕ್ಕು ಬಿಳಿಯರಿಗಿಂತ ಎಷ್ಟೋ ವರ್ಷ ತಡವಾಗಿ ಬರುತ್ತದೆ. ಆದರೆ ಕಾವಲುಗಾರನೇ ಕೆರಳಿದರೆ ಬಣ್ಣ ಒಂದೆಡೆ ಮಡುಗಟ್ಟುತ್ತದೆ. ಆದಕಾರಣ ಇಲ್ಲಿ ಮುಖಕ್ಕೆ ವಯಸ್ಸನ್ನು ಕೂಡಿಸುವುದು ಮೊದಲು ಕಲೆ, ಆಮೇಲೆ ಗೆರೆ. ಬಂಗಿಗೆ ಬಸಿರು, ಗರ್ಭನಿರೋಧಕ ಗುಳಿಗೆ, ವಂಶದ ಒಲವು ಇವೂ ಕಾರಣಗಳೇ. ಬಿಸಿಲು ಮಾತ್ರ ಎಲ್ಲದಕ್ಕೂ ಎಣ್ಣೆ ಹೊಯ್ಯುವಂಥದು.

ಬೆಂಗಳೂರು, ಮೈಸೂರುಗಳ ಗಾಳಿ ತಂಪೆಂದು ನಂಬಿ ಮೋಸಹೋಗಬಾರದು. ಕಿರಣಕ್ಕೂ ಸೆಕೆಗೂ ಸಂಬಂಧವಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಎತ್ತರ ಹೆಚ್ಚಿದಷ್ಟೂ ಕಿರಣವನ್ನು ಸೋಸುವ ವಾಯುವಿನ ಪದರ ತೆಳು. ಮಾರ್ಚಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಅಲ್ಲಿ ಅತಿನೇರಳೆಯ ಸೂಚ್ಯಂಕ ಹನ್ನೊಂದನ್ನು ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಲ್ಲಿ ಹನ್ನೊಂದು ಮತ್ತು ಅದರ ಮೇಲಿನದು ಅತ್ಯಂತ ತೀವ್ರವಾದ ದರ್ಜೆ. ಯಂತ್ರವಿಲ್ಲದವರು ತಮ್ಮ ನೆರಳನ್ನು ನೋಡಿಕೊಳ್ಳಬಹುದು. ನೆರಳು ಆಳಿಗಿಂತ ಗಿಡ್ಡವಾಗಿದ್ದಷ್ಟು ಹೊತ್ತೂ ಬಿಸಿಲು ಪ್ರಖರವೆಂದೇ ಲೆಕ್ಕ.

ತಡೆದರೆ ಫಲವುಂಟೆ ಎಂಬುದಕ್ಕೆ ಆಸ್ಟ್ರೇಲಿಯದ ನಾಂಬೋರ್ ಎಂಬ ಊರು ಉತ್ತರ ಕೊಟ್ಟಿದೆ. ೧೯೯೨ರಿಂದ ೧೯೯೬ರವರೆಗೆ ಅಲ್ಲಿಯ ಜನರಲ್ಲಿ ಕೆಲವರಿಗೆ ಪ್ರತಿದಿನವೂ ಬಿಸಿಲುರಕ್ಷಕ ಲೇಪವನ್ನು ಹಚ್ಚಿಕೊಳ್ಳಲು ಹೇಳಲಾಯಿತು. ಉಳಿದವರು ಮನಬಂದಂತೆ ಇದ್ದರು. ಐವತ್ತೈದರೊಳಗಿನ ೯೦೩ ಜನರ ಹಸ್ತದ ಮೇಲ್ಭಾಗದ ಅಚ್ಚನ್ನು ಮೊದಲೊಮ್ಮೆ, ಕೊನೆಗೊಮ್ಮೆ ತೆಗೆದು ಗೆರೆಗಳನ್ನು ಹೋಲಿಸಿದರು. ೨೦೧೩ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಿತ್ಯ ಹಚ್ಚಿಕೊಂಡವರ ಚರ್ಮದಲ್ಲಿ ನಾಲ್ಕೂವರೆ ವರ್ಷ ಕಳೆದರೂ ಮುಪ್ಪು ಕಾಣುವಷ್ಟು ಮುಂದುವರಿಯಲಿಲ್ಲ. ಇತರರಿಗಿಂತ ನೂರಕ್ಕೆ ಇಪ್ಪತ್ನಾಲ್ಕರಷ್ಟು ಕಡಿಮೆಯಾಗಿತ್ತು. ಬಳಸಿದ್ದೇನೂ ಅದ್ಭುತ ವಸ್ತುವಲ್ಲ, ಎಸ್.ಪಿ.ಎಫ್. ೧೫ರ ಸಾಧಾರಣ ಲೇಪ.

ಅಂಗಡಿಯಲ್ಲಿ ೩೦ ಎಂದು ಬರೆದದ್ದು ಸಿಕ್ಕರೆ ಸಾಕು. ಅದು ‘ಬಿ’ ಕಿರಣದಲ್ಲಿ ನೂರಕ್ಕೆ ತೊಂಬತ್ತೇಳರಷ್ಟನ್ನು ತಡೆಯುತ್ತದೆ. ‘ಎ’ ಕಿರಣವನ್ನೂ ತಡೆಯುವುದೆಂಬ ಸೂಚನೆ ಪೆಟ್ಟಿಗೆಯ ಮೇಲೆ ಇದೆಯೆ ಎಂದು ನೋಡಬೇಕು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಶತ್ರುವಾದ್ದರಿಂದ, ಕಬ್ಬಿಣದ ಆಕ್ಸೈಡು ಸೇರಿದ ಬಣ್ಣದ ಲೇಪ ಅವರಿಗೆ ಮೇಲು. ಸಾಸಿವೆಕಾಳಿನಷ್ಟು ತೆಗೆದು ಮುಖಕ್ಕೆಲ್ಲ ಸವರಿದರೆ ಏನೂ ಆಗದು. ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಮುಖಕ್ಕೂ ಕುತ್ತಿಗೆಗೂ ಬೇಕು. ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಇದಕ್ಕೆ ತಿಂಗಳಿಗೆ ಎಷ್ಟಾದೀತೆಂದು ಲೆಕ್ಕ ಹಾಕಿದ ಗೃಹಿಣಿ ಬೆಚ್ಚಿಬೀಳುವುದು ಸಹಜ. ಗದ್ದೆಯಲ್ಲಿ ನಾಟಿ ಮಾಡುವಾಕೆಗೆ ಈ ಮಾತು ಹೇಳುವುದಂತೂ ಪರಿಹಾಸ್ಯವೇ ಸರಿ. ಆದರೆ ದಟ್ಟವಾಗಿ ನೆಯ್ದ ಬಟ್ಟೆ ಯಾವ ಲೇಪಕ್ಕೂ ಕಡಿಮೆಯಲ್ಲ. ಕೊಡೆ, ಅಗಲವಾದ ಅಂಚಿನ ಟೋಪಿ, ಮುಂದಕ್ಕೆಳೆದ ಸೆರಗು, ತುಂಬುತೋಳಿನ ಹಳೆಯ ಷರ್ಟು, ಹತ್ತು ಗಂಟೆಯೊಳಗೆ ಮುಗಿಸಿದ ಕೆಲಸ: ಇವಕ್ಕೆ ಪ್ರತಿತಿಂಗಳೂ ಹಣ ತೆರಬೇಕಿಲ್ಲ. ಮಳೆಗಾಲದಲ್ಲಿ ಕೊಡೆ ಹಿಡಿದು ನಡೆಯುವ ಗಂಡಸು ಬೇಸಗೆಯಲ್ಲಿ ಅದನ್ನು ಹಿಡಿಯಲು ನಾಚುವುದೇಕೋ ತಿಳಿಯದು.

ಹೊಗೆಸೊಪ್ಪಿನ ವಿಚಾರ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಬೀಡಿ, ಸಿಗರೇಟು ಸೇದುವವರ ಚರ್ಮಕ್ಕೆ ರಕ್ತ ಕಡಿಮೆ ಹರಿಯುತ್ತದೆ, ಕೊಲಾಜನ್ ಬೇಗ ಸವೆಯುತ್ತದೆ, ತುಟಿಯ ಸುತ್ತ ಗೆರೆ ಮೂಡುತ್ತದೆ. ಬಿಡದೆ ಬೇರೆ ಮದ್ದಿಲ್ಲ.

ಆಗಲೇ ಮೂಡಿದ ಗೆರೆಗಳಿಗೆ ಉಪಾಯವುಂಟೆ? ಪತ್ರಿಕೆಗಳ ಜಾಹೀರಾತುಗಳನ್ನು ನಂಬಿದರೆ ನೂರೆಂಟು. ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತ ಲೇಪಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಮುಖ್ಯವಾದದ್ದು ‘ಎ’ ಜೀವಸತ್ವದಿಂದ ಬಂದ ಟ್ರೆಟಿನಾಯಿನ್. ೧೯೮೮ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಮೂವತ್ತು ಜನರ ಒಂದು ಮುಂಗೈಗೆ ಈ ಔಷಧವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಬರಿಯ ಲೇಪವನ್ನೂ ಹದಿನಾರು ವಾರ ಹಚ್ಚಿ ನೋಡಿದರು. ಔಷಧ ಹಚ್ಚಿದ ಕೈಯ ಸಣ್ಣ ಗೆರೆಗಳು ಕಡಿಮೆಯಾದವು. ಆದರೆ ಹೆಚ್ಚಿನವರ ಚರ್ಮ ಕೆಂಪೇರಿ ಸುಲಿಯಿತು ಎಂಬುದೂ ಅದೇ ವರದಿಯಲ್ಲಿದೆ. ರಾತ್ರಿ ಮಾತ್ರ, ಅಲ್ಪಪ್ರಮಾಣದಲ್ಲಿ, ವೈದ್ಯರ ಸಲಹೆಯಂತೆ ಹಚ್ಚತಕ್ಕ ಔಷಧವಿದು, ಬಸುರಿಯರು ಮುಟ್ಟಕೂಡದು. ತಿಂಗಳುಗಳ ತಾಳ್ಮೆಯೂ ಬೇಕು. ಹುಬ್ಬುಗಳ ನಡುವಿನ ಗೆರೆಗೆ ಬೊಟುಲಿನಮ್ ವಿಷದ ಸೂಜಿಮದ್ದು ಇದೆ. ಅದರ ಗುಣ ಮೂರು ನಾಲ್ಕು ತಿಂಗಳಷ್ಟೇ, ಖರ್ಚು ಉಳ್ಳವರಿಗೆ. ಇನ್ನು ಮನೆಮದ್ದಿನಲ್ಲಿ ಕಡಲೆಹಿಟ್ಟು, ಅರಿಸಿನಗಳಿಂದ ಕೆಡಕಿಲ್ಲ. ಆದರೆ ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗುವುದು ಅಪಾಯ. ಬೊಕ್ಕೆಯೆದ್ದು, ಮೊದಲಿಗಿಂತ ಕಡುಗಪ್ಪು ಕಲೆ ಉಳಿಯಬಹುದು.

ಟ್ರೆಟಿನಾಯಿನ್ನಿನ ಹಿಂದೆ ಮರೆಯಬಾರದ ಒಂದು ಇತಿಹಾಸವಿದೆ. ಅದನ್ನು ಚರ್ಮದ ಚಿಕಿತ್ಸೆಗೆ ತಂದವರಲ್ಲಿ ಪ್ರಮುಖ, ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಡಾಕ್ಟರ್ ಆಲ್ಬರ್ಟ್ ಕ್ಲಿಗ್ಮನ್. ಬಿಸಿಲಿನಿಂದಾದ ಮುಪ್ಪಿನ ಮಾತನ್ನು ವೈದ್ಯಲೋಕದಲ್ಲಿ ಪ್ರಚಾರಕ್ಕೆ ತಂದವನೂ ಅವನೇ. ಆದರೆ ೧೯೭೪ರವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಅವನು ಫಿಲಡೆಲ್ಫಿಯದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೈಮೇಲೆ ಪ್ರಯೋಗಗಳನ್ನು ನಡೆಸಿದ್ದನು. ಕೈದಿಗಳಲ್ಲಿ ಬಹುಮಂದಿ ನೀಗ್ರೋ ಜನಾಂಗದ ಬಡವರು. ತಮಗೆ ಹಚ್ಚುತ್ತಿರುವುದೇನೆಂಬುದು ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ವಿಶ್ವವಿದ್ಯಾನಿಲಯ ಇದಕ್ಕಾಗಿ ಕ್ಷಮೆ ಕೇಳಿದ್ದು ೨೦೨೧ರಲ್ಲಿ.

ಮದುವೆಮನೆಯ ಕ್ರೀಮಿನ ಮೂಲವೂ ಇದೇ ಕ್ಲಿಗ್ಮನ್ನನಲ್ಲಿಗೆ ಹೋಗಿ ಮುಟ್ಟುತ್ತದೆ. ೧೯೭೫ರಲ್ಲಿ ಅವನೂ ಇನ್ನೊಬ್ಬ ವೈದ್ಯನೂ ಸೇರಿ, ಬಂಗಿನಂಥ ಕಲೆಗಳಿಗಾಗಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟಿರಾಯ್ಡ್ ಈ ಮೂರರ ಮಿಶ್ರಣವನ್ನು ಸೂಚಿಸಿದರು. ಕೆಲವೇ ವಾರ, ವೈದ್ಯರ ಕಣ್ಣೆದುರಿನಲ್ಲಿ ಬಳಸಬೇಕಾದ ಮದ್ದು. ಭಾರತದಲ್ಲಿ ಇಂಥದೇ ಮಿಶ್ರಣಗಳು ಬಿಳುಪಿನ ಕ್ರೀಮುಗಳೆಂದು ಹೆಸರಾಗಿ ಕೈಯಿಂದ ಕೈಗೆ ಹರಡಿದವು. ಸ್ಟಿರಾಯ್ಡ್ ಮೊದಲ ಹದಿನೈದು ದಿನ ಮಾಯೆಯನ್ನೇ ತೋರಿಸುತ್ತದೆ. ಅನಂತರ ಅದೇ ಒಳಚರ್ಮದ ಕೊಲಾಜನ್ನನ್ನು ಕರಗಿಸುತ್ತ ಬರುತ್ತದೆ. ಚರ್ಮ ಕಾಗದದಂತೆ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಜಾಲದಂತೆ ಹೊರಗೆ ಕಾಣುತ್ತವೆ, ಮೊಡವೆ ಏಳುತ್ತದೆ, ಕೆನ್ನೆಯ ಮೇಲೆ ಕೂದಲು ಬೆಳೆಯುತ್ತದೆ. ಮುಪ್ಪನ್ನು ಮುಚ್ಚಲು ಹಚ್ಚಿದ್ದು ಬಿಸಿಲು ಇಪ್ಪತ್ತು ವರ್ಷದಲ್ಲಿ ಮಾಡತಕ್ಕ ಕೆಲಸವನ್ನು ಕೆಲವೇ ತಿಂಗಳಲ್ಲಿ ಮಾಡಿಬಿಡುತ್ತದೆ. ಭಾರತದ ಚರ್ಮವೈದ್ಯರ ಸಂಘ ಇದರ ವಿರುದ್ಧ ವರ್ಷಗಟ್ಟಲೆ ಕೂಗಿ ಹೇಳಿತು. ೨೦೧೮ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಸ್ಟಿರಾಯ್ಡುಗಳ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಪಕ್ಕದ ಮನೆಯಾಕೆಯ ಮಾತಿನಿಂದಲೇ ತಿಳಿಯುವಂತೆ, ವಿಧಿ ಅಂಗಡಿಯ ಕಟ್ಟೆಯವರೆಗೆ ಇನ್ನೂ ಸಂಪೂರ್ಣವಾಗಿ ಇಳಿದಿಲ್ಲ. ಹೆಸರು ಕುಲವಿಲ್ಲದ ಡಬ್ಬಿಗಳಲ್ಲಿ ಪಾದರಸವೂ ಇರುವುದುಂಟು. ಅದರಿಂದ ಮೂತ್ರಪಿಂಡಗಳೇ ಕೆಟ್ಟ ಪ್ರಸಂಗಗಳನ್ನು ಕೇರಳದ ವೈದ್ಯರು ೨೦೨೩ರಲ್ಲಿ ವರದಿ ಮಾಡಿದರು.

ಹಿಂದುಮುಂದು ನೋಡದೆ ಹಚ್ಚಿಕೊಂಡ ತಾಯಿ ಮದುವೆಯ ಭಾವಚಿತ್ರಗಳಲ್ಲಿ ಬೆಳಗುತ್ತಾಳೆ, ಸಂದೇಹವಿಲ್ಲ. ಆರು ತಿಂಗಳಾದ ಮೇಲೆ ಒಲೆಯ ಮುಂದೆ ನಿಂತರೆ ಮುಖ ಉರಿಯುತ್ತದೆ. ಬಿಟ್ಟುಬಿಡೋಣವೆಂದರೆ ಎರಡೇ ದಿನದಲ್ಲಿ ಕೆಂಪಾಗಿ ಊದಿಕೊಳ್ಳುತ್ತದೆ. ಮತ್ತೆ ಅದೇ ಕೊಳವೆಗೆ ಕೈ ಹೋಗುತ್ತದೆ. ಇಂಥವರು ಅದನ್ನು ಗುಟ್ಟಾಗಿಡದೆ ಚರ್ಮವೈದ್ಯರಿಗೆ ಆ ಕೊಳವೆಯನ್ನೇ ಒಯ್ದು ತೋರಿಸಬೇಕು. ನಿಲ್ಲಿಸಿದ ಮೇಲಿನ ಉರಿಯನ್ನು ತಣಿಸುವ ಕ್ರಮಗಳಿವೆ. ಆ ಕಾಲದಲ್ಲಿ ಸುವಾಸನೆಯ ಸಾಬೂನು, ಬ್ಲೀಚು, ಬ್ಯೂಟಿ ಪಾರ್ಲರಿನ ತಿಕ್ಕಾಟ ಎಲ್ಲವನ್ನೂ ಬಿಟ್ಟು, ತಣ್ಣೀರಿನಿಂದ ಮುಖ ತೊಳೆದು, ವಾಸನೆಯಿಲ್ಲದ ಮೃದುವಾದ ಲೇಪವೊಂದನ್ನು ಹಚ್ಚಿ, ಬಿಸಿಲಿಗೆ ಕೊಡೆ ಹಿಡಿಯಬೇಕು. ಸುಧಾರಿಸುವುದಕ್ಕೆ ವಾರಗಳಲ್ಲ, ಎಷ್ಟೋ ತಿಂಗಳು ಹಿಡಿಯಬಹುದು. ಕೆಂಪು ನಾಳಗಳಲ್ಲಿ ಕೆಲವು ಹಾಗೆಯೇ ಉಳಿದುಬಿಡುವುದೂ ಉಂಟು. ಬಂಗು ಮಾತ್ರ ಅಷ್ಟರೊಳಗೆ ತನ್ನ ಹಳೆಯ ಜಾಗಕ್ಕೆ ಮರಳಿ ಬಂದು ಕುಳಿತಿರುತ್ತದೆ.