ಕೃಷ್ಣೆಯ ದಂಡೆಯಲ್ಲಿ ವಿದ್ಯುತ್ತಿನ ಲೆಕ್ಕ

ಸಾವಳಗಿಯ ಚಹಾದಂಗಡಿಗಳಲ್ಲಿಯೂ, ಜಮಖಂಡಿಯ ಬಸ್ ನಿಲ್ದಾಣದ ಕಟ್ಟೆಗಳ ಮೇಲೂ, ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸರದಿಗಾಗಿ ಕಾದು ನಿಲ್ಲುವ ಸಕ್ಕರೆ ಕಾರಖಾನೆಗಳ ಅಂಗಳದಲ್ಲಿಯೂ ವರ್ಷವಿಡೀ ಕೇಳಿಬರುವ ವಾದವೊಂದಿದೆ. ಪಂಪ್‌ಸೆಟ್ಟುಗಳಿಗೆ ವಿದ್ಯುತ್ತನ್ನು ಪುಕ್ಕಟೆ ಕೊಟ್ಟು ಸರಕಾರವು ರೈತನ ಸ್ವಭಾವವನ್ನೇ ಕೆಡಿಸಿತೆಂದು ಒಬ್ಬರು ಹೇಳಿದರೆ, ಬೆಳೆದ ಕಬ್ಬಿಗೆ ನ್ಯಾಯವಾದ ಬೆಲೆ ದೊರೆಯದಿರುವಾಗ ಅಷ್ಟನ್ನಾದರೂ ಕೊಡದೆ ಇನ್ನೇನು ಮಾಡಬೇಕಾಗಿತ್ತೆಂದು ಇನ್ನೊಬ್ಬರು ಮರುನುಡಿಯುತ್ತಾರೆ. ಇಬ್ಬರ ಮಾತನ್ನೂ ಕೇಳುತ್ತ ಕುಳಿತ ತರುಣನೊಬ್ಬನು ಮೊಬೈಲಿನಿಂದ ತಲೆಯೆತ್ತಿ, "ಸೋಲಾರ್ ಬಂತಂದ್ರ ಇವೆಲ್ಲಾ ಮುಗೀತಾವ ಬಿಡ್ರಿ ಕಾಕಾ" ಎಂದು ತೀರ್ಪು ಕೊಡುತ್ತಾನೆ. ಮೂವರೂ ಅನುಭವದಿಂದಲೇ ಮಾತನಾಡುವವರು, ಮೂವರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೂ ಹೊಣೆಗಾರಿಕೆಯೆಂಬುದನ್ನು ಒಬ್ಬರು ಸರಕಾರದ ಕೈಯಲ್ಲಿ, ಒಬ್ಬರು ಮಾರುಕಟ್ಟೆಯ ದರದಲ್ಲಿ, ಒಬ್ಬರು ಬರಲಿರುವ ಯಂತ್ರದಲ್ಲಿ ಇರಿಸಿ ಎದ್ದುಹೋಗುತ್ತಾರೆ. ತನ್ನ ಬಳಕೆಯ ಲೆಕ್ಕವು ತನಗೂ ತನ್ನ ನೆರೆಹೊಲದವನಿಗೂ ಕಣ್ಣಿಗೆ ಕಾಣುವಂತಿರುವಲ್ಲಿ ಮಾತ್ರ ಮನುಷ್ಯನಲ್ಲಿ ಹೊಣೆಗಾರಿಕೆ ಹುಟ್ಟಿ ಬಾಳುತ್ತದೆಂಬುದು ನನ್ನ ಅಭಿಪ್ರಾಯ. ಇದನ್ನು ಕೃಷ್ಣಾ ತೀರದ ಈ ಸೀಮೆಯ ಅನುಭವದಿಂದಲೇ ಸಮರ್ಥಿಸಬಯಸುತ್ತೇನೆ.

10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತನ್ನು ಕೊಡುವ ಈಗಿನ ಪದ್ಧತಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದುದು 2008ರಲ್ಲಿ. ಇಂದು ರಾಜ್ಯದಲ್ಲಿ ಇಂಥ ಪಂಪ್‌ಸೆಟ್ಟುಗಳು 30 ಲಕ್ಷವನ್ನು ಮೀರಿವೆ. ಅವುಗಳ ಸಲುವಾಗಿ ಸರಕಾರದ ಬೊಕ್ಕಸದಿಂದ ವಿದ್ಯುತ್ ಕಂಪನಿಗಳಿಗೆ ಸಲ್ಲುವ ಹಣ ವರ್ಷಕ್ಕೆ 15,000 ಕೋಟಿ ರೂಪಾಯಿಗೂ ಮಿಕ್ಕಿದೆ. ಇಷ್ಟೊಂದು ದ್ರವ್ಯವು ವ್ಯಯವಾಗುವ ಈ ವ್ಯವಹಾರದಲ್ಲಿ ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರೇ ಇಲ್ಲವೆಂಬುದು, ಬಳಕೆಯೆಂಬುದು ಕೇವಲ ಅಂದಾಜಿನ ಮೇಲೆ ನಿಂತಿದೆಯೆಂಬುದು, ಮೀಟರಿಲ್ಲದೆ ಯಾರಿಗೂ ವಿದ್ಯುತ್ತನ್ನು ಪೂರೈಸಕೂಡದೆಂದು 2003ರ ವಿದ್ಯುಚ್ಛಕ್ತಿ ಕಾಯಿದೆಯು ವಿಧಿಸಿರುವಾಗಲೂ ಹೀಗೆಯೇ ನಡೆದುಬಂದಿದೆಯೆಂಬುದು ಎಲ್ಲರಿಗೂ ತಿಳಿದ ವಿಷಯ. "ರೊಕ್ಕ ಕೊಡೂದಿಲ್ಲಂದ ಮ್ಯಾಲ ಲೆಕ್ಕ ಯಾಕ್ರೀ?" ಎಂಬ ಪ್ರಶ್ನೆ ಎದುರಾಗುತ್ತದೆ. ಕೇಳುವವನ ದೃಷ್ಟಿಯಿಂದ ಅದು ಸಹಜವಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ಒಂದು ಎಕರೆಯ ಗಣಿತವನ್ನು ನೋಡೋಣ.

ಒಂದು ಸಾವಿರ ಲೀಟರ್ ನೀರನ್ನು ಹೊಳೆಯಿಂದ 150 ಅಡಿ ಮೇಲಕ್ಕೆ ಎತ್ತುವುದಕ್ಕೆ ನಿಸರ್ಗನಿಯಮವು ಬೇಡುವ ಕನಿಷ್ಠ ಶಕ್ತಿಯು ಒಂದು ಯೂನಿಟ್ಟಿನ ಎಂಟನೆಯ ಒಂದು ಭಾಗ. ಮೋಟರಿನ ಕಾವಿನಲ್ಲಿ, ಸವೆದ ಪಂಪಿನಲ್ಲಿ, ಮೈಲುಗಟ್ಟಲೆ ಹಾಯ್ದ ಪೈಪಿನ ಘರ್ಷಣೆಯಲ್ಲಿ ಅರ್ಧದಷ್ಟು ಸೋರಿಹೋಗುತ್ತದೆಂದು ಹಿಡಿದರೆ ಕಾಲು ಯೂನಿಟ್ಟು ಬೇಕು. ಕಬ್ಬಿಗೆ ಮಳೆಯ ಹೊರತಾಗಿ, ಹರಿನೀರಿನ ಪದ್ಧತಿಯಲ್ಲಿ, ಎಕರೆಗೆ 60 ಲಕ್ಷ ಲೀಟರಾದರೂ ಉಣಿಸಬೇಕೆಂದು ಎಣಿಸಿದರೆ ಒಂದು ಎಕರೆಗೆ, ಒಂದು ಬೆಳೆಗೆ, 1,500 ಯೂನಿಟ್ಟು. ಗೃಹಜ್ಯೋತಿ ಯೋಜನೆಯು ಒಂದು ಮನೆಗೆ ತಿಂಗಳಿಗೆ ಉಚಿತವಾಗಿ ಕೊಡುವ ವಿದ್ಯುತ್ತಿನ ಗರಿಷ್ಠ ಮಿತಿ 200 ಯೂನಿಟ್ಟು. ಆ ಮಿತಿಯನ್ನು ಪೂರ್ತಿಯಾಗಿ ಬಳಸುವ ಮನೆಯೊಂದು ಏಳೂವರೆ ತಿಂಗಳು ಉರಿಸುವಷ್ಟು ವಿದ್ಯುತ್ತನ್ನು ಒಂದೆಕರೆ ಕಬ್ಬು ಕುಡಿಯುತ್ತದೆ. ಅದೆಲ್ಲವೂ ನೆರೆಯ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ, 2,400 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣಸ್ಥಾವರದಂಥ ಕಡೆ, ಕಲ್ಲಿದ್ದಲಿನಿಂದಲೇ ಉತ್ಪತ್ತಿಯಾದುದಾದರೆ, ಯೂನಿಟ್ಟಿಗೆ ಅರ್ಧ ಕಿಲೋಗಿಂತ ಹೆಚ್ಚಿನ ಕಲ್ಲಿದ್ದಲಿನ ಲೆಕ್ಕದಲ್ಲಿ ಆ ಎಕರೆಗಾಗಿ ಮುಕ್ಕಾಲು ಟನ್ನಿಗೂ ಮೀರಿದ ಕಲ್ಲಿದ್ದಲು ಬೂದಿಯಾಗುತ್ತದೆ. ಈ ಲೆಕ್ಕವನ್ನು ಕಬ್ಬು ಬೆಳೆಯುವವನ ಮೇಲೆ ಆರೋಪವಾಗಿ ಇಲ್ಲಿ ಮಂಡಿಸುತ್ತಿಲ್ಲ. ತಾನು ಏನನ್ನು ಎಷ್ಟು ವ್ಯಯಿಸುತ್ತಿರುವೆನೆಂದು ತಿಳಿಯುವ ಸಾಧನವನ್ನೇ ಅವನಿಗೆ ಯಾರೂ ಕೊಡಲಿಲ್ಲವೆಂಬುದೇ ನನ್ನ ಆಕ್ಷೇಪ.

ಮಾಘಮಾಸದ ರಾತ್ರಿ ಹೊಳೆಯ ದಂಡೆಗೆ ಹೋಗಿ ನೋಡಿದವರಿಗೆ ಇದರ ಸ್ವರೂಪ ಸ್ಪಷ್ಟವಾಗುತ್ತದೆ. ತಗಡಿನ ಶೆಡ್ಡುಗಳು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದರೊಳಗೂ ಗೋಡೆಗೆ ತೂಗಿದ ಸ್ಟಾರ್ಟರಿನ ಪೆಟ್ಟಿಗೆ, ಅದರ ಪಕ್ಕದಲ್ಲಿ ಆಟೋಮ್ಯಾಟಿಕ್ ಎಂದು ಜನರು ಕರೆಯುವ ಚಿಕ್ಕ ಗುಂಡಿ. ತ್ರೀ ಫೇಸ್ ಬಂದ ಕ್ಷಣದಲ್ಲಿ, ಯಾರ ಕೈಯೂ ಸೋಂಕದೆ, ಒಂದಾದ ಮೇಲೊಂದರಂತೆ ಅಲ್ಲ, ಎಲ್ಲ ಮೋಟರುಗಳೂ ಏಕಕಾಲಕ್ಕೆ ಗುಡುಗುತ್ತವೆ. ಟಿಸಿಯೆಂದು ಕರೆಯುವ ಟ್ರಾನ್ಸ್‌ಫಾರ್ಮರಿನ ಮೇಲೆ ಹಠಾತ್ತಾಗಿ ಬಿದ್ದ ಆ ಭಾರದಿಂದ ವೋಲ್ಟೇಜು ಕುಸಿದು, ಮೋಟರುಗಳು ನರಳುತ್ತ ಹೆಚ್ಚಿನ ಕರೆಂಟನ್ನು ಎಳೆದು, ಎಲ್ಲಿಯೋ ಒಂದು ಕಾಯ್ಲು ಸುಡುತ್ತದೆ. ಎರಡು ಮೈಲು ಆಚೆ ಹೊಲದಲ್ಲಿ ನೀರು ಸಾಲುಗಳನ್ನು ತುಂಬಿ, ಬದುವನ್ನು ದಾಟಿ, ಚಕ್ಕಡಿಯ ದಾರಿಗೆ ಹರಿದು, ಬೆಳಗಾಗುವುದರೊಳಗೆ ನೆರೆಯವನ ಗೋವಿನಜೋಳದ ಹೊಲದಲ್ಲಿ ಮಡುಗಟ್ಟಿರುತ್ತದೆ. ಹೊಲದೊಡೆಯನನ್ನು ಸೋಮಾರಿಯೆಂದು ಜರೆಯುವುದು ಸುಲಭ. ದಿನಕ್ಕೆ ಏಳು ತಾಸು ಕೊಡುವೆವೆಂಬ ತ್ರೀ ಫೇಸು ಯಾವ ಜಾವದಲ್ಲಿ ಬಂದೀತೆಂದು ತಿಳಿಯದವನು, ಹಾವು ಚೇಳುಗಳ ಹೊಲದಲ್ಲಿ ಕತ್ತಲೆಯಲ್ಲಿ ಕಾದು ಕುಳಿತು ಪಾಳಿ ತಿರುವಬೇಕಾದವನು ಆ ಗುಂಡಿಯನ್ನು ಹಾಕಿಟ್ಟು ಮಲಗಿದರೆ ಅವನನ್ನು ದೂಷಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೊತ್ತುಗೊತ್ತಿಲ್ಲದೆ ಬರುವ ವಸ್ತುವನ್ನು ಮಿತವಾಗಿ ಬಳಸೆಂದು ಉಪದೇಶಿಸುವ ಅಧಿಕಾರವು ಅದನ್ನು ಹಾಗೆ ಕೊಡುವವನಿಗೆ ಇಲ್ಲ.

ಇದೇ ಜನರು, ಇದೇ ಹೊಳೆಯ ಮೇಲೆ, ಬೇರೊಂದು ರೀತಿಯಲ್ಲಿ ನಡೆದುಕೊಂಡ ಕಾಲವೊಂದಿತ್ತು. ಹಿಪ್ಪರಗಿಯ ಸರಕಾರಿ ಬ್ಯಾರೇಜಿನ ಕೆಲಸವು ದಶಕಗಳ ಕಾಲ ಕುಂಟುತ್ತಿದ್ದ ಆ ದಿನಗಳಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರ ರೈತ ಸಂಘವು ತಾನೇ ಹಣ ಕೂಡಿಸಿ, ತಾನೇ ದುಡಿದು, 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜನ್ನು ಕಟ್ಟಿತು; ಅದೇ ಇಂದಿನ ಶ್ರಮಬಿಂದು ಸಾಗರ. ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರಂಥ ಧುರೀಣರನ್ನು ಸೋಲಿಸಿ, ಮುಂದೆ ಕೇಂದ್ರದಲ್ಲಿ ಕಲ್ಲಿದ್ದಲು ಖಾತೆಯಲ್ಲಿ ಸಚಿವರಾದುದೂ, 2018ರ ಮೇ ತಿಂಗಳಲ್ಲಿ ಜಮಖಂಡಿಯ ಶಾಸಕರಾಗಿ ಮತ್ತೆ ಆರಿಸಿಬಂದ ಕೆಲವೇ ದಿನಗಳಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡುದೂ ಈ ಸೀಮೆಯವರ ನೆನಪಿನಲ್ಲಿ ಹಸಿರಾಗಿವೆ. ಆದರೆ ಜನರು ಆ ಬ್ಯಾರೇಜನ್ನು ಹೊಗಳುವಾಗ ಸಾಮಾನ್ಯವಾಗಿ ಕಲ್ಲು ಹೊತ್ತ ಸಾಹಸವನ್ನು ಹೊಗಳುತ್ತಾರೆ. ನನಗೆ ಅದಕ್ಕಿಂತಲೂ ದೊಡ್ಡದಾಗಿ ತೋರುವುದು ಅದರ ಹಿಂದಿನ ವಂತಿಗೆಯ ಪದ್ಧತಿ. ಯಾರ ಜಮೀನು ಎಷ್ಟು, ಯಾರ ಪಾಲು ಎಷ್ಟು, ಯಾರು ಕೊಟ್ಟರು, ಯಾರದು ಬಾಕಿ ಉಳಿಯಿತು ಎಂಬುದು ಊರಿನ ಮುಂದೆ ಬಯಲಾಗಿದ್ದುದರಿಂದಲೇ, ಕೊಡಲಾರದವನ ಕಷ್ಟವೂ ಕೊಡಬಲ್ಲವನ ಹಿಂಜರಿತವೂ ಮರೆಯಾಗಿ ಉಳಿಯಲಿಲ್ಲ. ಮುಂದೆ ಬೇಸಿಗೆಯಲ್ಲಿ ಬ್ಯಾರೇಜು ಬತ್ತಿದಾಗ, ಆಲಮಟ್ಟಿಯ ಹಿನ್ನೀರನ್ನು ಪಂಪುಗಳಿಂದ ಎತ್ತಿ ಬ್ಯಾರೇಜಿನೊಳಕ್ಕೆ ತುಂಬಿಸಿಕೊಳ್ಳುವ ವ್ಯವಸ್ಥೆಯನ್ನು ಸಹ ರೈತರೇ ಹಣ ಹಾಕಿ ನಡೆಸಿದರು. ಹಾಗೆ ಎತ್ತಿದ ನೀರನ್ನು ಚಕ್ಕಡಿಯ ದಾರಿಗೆ ಹರಿಯಬಿಡುವ ಧೈರ್ಯ ಯಾರಿಗೆ ಬಂದೀತು?

ಇನ್ನೊಂದು ಸಾಕ್ಷ್ಯವು ಸಾವಳಗಿಯ ಸುತ್ತಲೇ ಇದೆ. ಹೊಳೆಯಿಂದ ದೂರವಾದ ಇಲ್ಲಿಯ ಮಡ್ಡಿ ನೆಲಗಳಲ್ಲಿ ದ್ರಾಕ್ಷಿಯ ತೋಟಗಳೆದ್ದುವು. ತುಬಚಿ-ಬಬಲೇಶ್ವರ ಏತ ನೀರಾವರಿಯು ಬರುವುದಕ್ಕೆ ಎಷ್ಟೋ ಮುಂಚೆ, ಬೋರುಗಳು ಬತ್ತಿದ ಬರಗಾಲಗಳಲ್ಲಿ ಈ ಬೆಳೆಗಾರರು ಟ್ಯಾಂಕರಿನ ನೀರನ್ನು ಹಣ ಕೊಟ್ಟು ತರಿಸಿ ಬಳ್ಳಿಗಳನ್ನು ಬದುಕಿಸಿದರು. ಅಂಥ ತೋಟದೊಳಗೆ ಕಾಲಿಟ್ಟರೆ, ಪ್ರತಿಯೊಂದು ಬಳ್ಳಿಯ ಬುಡದಲ್ಲಿಯೂ ಹನಿ ನೀರಾವರಿಯ ಕರಿಯ ನಳಿಕೆ, ಅದರ ಮೇಲೆ ಆರದಂತೆ ಹೊದಿಸಿದ ಕಬ್ಬಿನ ರವದಿ, ಹೊಂಡದ ದಂಡೆಯಲ್ಲಿ ಇಂದು ಎಷ್ಟು ತಾಸು ನೀರು ಬಿಟ್ಟುದೆಂದು ಬರೆದಿಟ್ಟ ವಹಿ ಕಣ್ಣಿಗೆ ಬೀಳುತ್ತವೆ. ಹತ್ತು ಮೈಲಿನ ಅಂತರದಲ್ಲಿ, ಒಂದೇ ಭಾಷೆಯನ್ನಾಡುವ, ಹಲವೊಮ್ಮೆ ಒಂದೇ ಮನೆತನದ ಅಣ್ಣತಮ್ಮಂದಿರಲ್ಲಿ ಒಬ್ಬನು ಹನಿ ನೀರನ್ನು ಎಣಿಸುತ್ತಾನೆ, ಇನ್ನೊಬ್ಬನು ಹೊಳೆಯನ್ನೇ ಹೊಲಕ್ಕೆ ತಿರುವುತ್ತಾನೆ. ಇದನ್ನು ಗುಣದ ತಾರತಮ್ಯವೆನ್ನುವುದು ಹೇಗೆ? ಒಬ್ಬನಿಗೆ ಲೆಕ್ಕವಿತ್ತು, ಇನ್ನೊಬ್ಬನಿಗೆ ಇರಲಿಲ್ಲ.

ಲೆಕ್ಕವಿಲ್ಲದುದರ ಫಲವನ್ನು ಭೂಮಿಯೇ ಬರೆದಿಡುತ್ತದೆ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಎರೆಭೂಮಿಯಲ್ಲಿ ಮಿತಿಮೀರಿ ಉಣಿಸಿದ ನೀರು ಬಸಿದುಹೋಗಲು ದಾರಿಯಿಲ್ಲದೆ ನಿಂತು, ಲವಣವನ್ನು ಮೇಲಕ್ಕೆ ತಂದು, ತಲೆಮಾರುಗಳಿಂದ ಜೋಳವನ್ನೂ ಕಡಲೆಯನ್ನೂ ಕೊಟ್ಟ ಹೊಲಗಳನ್ನು ಸವಳು-ಜವಳಾಗಿಸಿದೆ. ಮೇಲೆ ಬಿಳಿಯ ಪೊರೆ ಕಟ್ಟಿದ ಅಂಥ ನೆಲವನ್ನು ಕಂಡು ಮರುಗದ ಒಕ್ಕಲಿಗನಿಲ್ಲ. ಉಚಿತವಾದ ವಿದ್ಯುತ್ತಿಗೆ ಆ ಕುಟುಂಬವು ತೆತ್ತ ಬೆಲೆ ಯಾವ ಕಂಪನಿಯ ಬಿಲ್ಲಿನಲ್ಲಿಯೂ ಬರುವಂಥದಲ್ಲ.

ಹಾಗಾದರೆ ನಾಳೆಯೇ ದರ ವಿಧಿಸಬೇಕೆಂದು ಹೇಳುವವರ ಪಕ್ಷವನ್ನು ನಾನು ಹಿಡಿಯಲಾರೆ. ಕಬ್ಬಿನ ಬೆಲೆಗಾಗಿ ಗುರ್ಲಾಪುರದ ಕ್ರಾಸಿನಲ್ಲಿ 2025ರ ನವೆಂಬರಿನಲ್ಲಿ ರೈತರು ಹಗಲಿರುಳು ಕುಳಿತು, ಟನ್ನಿಗೆ 3,300 ರೂಪಾಯಿಯ ನಿರ್ಧಾರವನ್ನು ಪಡೆಯಬೇಕಾಗಿ ಬಂದುದನ್ನು ಕಂಡವರು, ಗೊಬ್ಬರದ, ಕಟಾವಿನ, ಸಾಲದ ಬಡ್ಡಿಯ ಭಾರದ ಮೇಲೆ ಇನ್ನೊಂದು ಬಿಲ್ಲನ್ನು ಹೇರುವ ಮಾತನ್ನು ಹಗುರವಾಗಿ ಆಡಲಾರರು. ಮೀಟರಿನ ಹಿಂದೆಯೇ ಬಿಲ್ಲು ಬರುವುದೆಂಬ ರೈತನ ಭಯವು ನಿರಾಧಾರವೂ ಅಲ್ಲ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿಯೂ ಇದೇ ಸ್ಥಿತಿ: ಕರೆಂಟು ಹೋದೊಡನೆ ಮಜೂರಿ ನಿಲ್ಲುವ ನೇಕಾರನಿಗೆ ದರದ ಏರಿಕೆಯೆಂಬುದು ಊಟದ ತಟ್ಟೆಯ ಪ್ರಶ್ನೆ. ಆದುದರಿಂದ ಎಣಿಕೆ ಬೇರೆ, ವಸೂಲಿ ಬೇರೆ ಎಂಬ ವಿವೇಕವನ್ನು ಮೊದಲು ಕಾಯಿದೆಯ ಮಾತಿನಲ್ಲಿಯೇ, ಲಿಖಿತವಾಗಿ, ಭರವಸೆಯಾಗಿ ಕೊಡಬೇಕು.

ಇದು ಅಸಾಧ್ಯವಲ್ಲ. ಪಂಜಾಬ ಸರಕಾರವು 2018ರಲ್ಲಿ ಕೆಲವು ಫೀಡರುಗಳಲ್ಲಿ ಪ್ರಯೋಗಕ್ಕೆ ತಂದ ಯೋಜನೆಯಲ್ಲಿ, ಉಚಿತ ವಿದ್ಯುತ್ತು ಉಚಿತವಾಗಿಯೇ ಉಳಿಯಿತು. ರೈತನಿಗೆ ಗೊತ್ತುಪಡಿಸಿದ ಪ್ರಮಾಣದಲ್ಲಿ ಅವನು ಬಳಸದೆ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿಯಂತೆ ಅವನ ಖಾತೆಗೇ ಹಣ ಸಂದಿತು. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿಯೆಂಬ ಹಳ್ಳಿಯಲ್ಲಿ ರೈತರು ಸಹಕಾರಿ ಸಂಘ ಕಟ್ಟಿ, ಸೌರ ಪಂಪುಗಳನ್ನು ಹೂಡಿ, ನೀರೆತ್ತಿ ಮಿಕ್ಕ ವಿದ್ಯುತ್ತನ್ನು 2016ರಿಂದ ಗ್ರಿಡ್ಡಿಗೆ ಮಾರತೊಡಗಿದರು. ಚಹಾದಂಗಡಿಯ ತರುಣನ ಆಶೆಗೆ ಇಲ್ಲಿ ನಿಜವಾದ ಆಧಾರವಿದೆ; ಆದರೆ ಅವನು ಮರೆತ ಅಂಶವೂ ಇಲ್ಲಿಯೇ ಇದೆ. ಪಿಎಂ-ಕುಸುಮ್ ಯೋಜನೆಯಲ್ಲಿ ಕೇಂದ್ರವು ಶೇಕಡಾ 30, ರಾಜ್ಯವು ಶೇಕಡಾ 50 ಭರಿಸಿ, ರೈತನು ಶೇಕಡಾ 20 ಮಾತ್ರ ಹಾಕಿ ಕೂರಿಸುವ ಸೌರ ಪಂಪು, ಮಾರುವ ಅವಕಾಶವಿಲ್ಲದೆ ಒಂಟಿಯಾಗಿ ಹೊಲದಲ್ಲಿ ನಿಂತರೆ, ಸೂರ್ಯನಿರುವಷ್ಟು ಹೊತ್ತೂ ಸುಮ್ಮನೆ ನೀರೆತ್ತುವುದು. ಹಗಲಲ್ಲಿ ನೀರು ಬರುವುದೊಂದು ದೊಡ್ಡ ಉಪಕಾರವೇ ಸರಿ, ಆದರೆ ಸವಳಿನ ಹೊಲಕ್ಕೆ ಆ ನೀರು ಕಲ್ಲಿದ್ದಲಿನದೋ ಸೂರ್ಯನದೋ ಎಂಬ ಭೇದವಿಲ್ಲ. ಉಳಿಸಿದ ಯೂನಿಟ್ಟಿಗೆ ಬೆಲೆ ಬರುವಂತೆ ಗ್ರಿಡ್ಡಿಗೆ ಕೂಡಿಸಿದಾಗ ಮಾತ್ರ ಆ ಯಂತ್ರವು ಮಿತವ್ಯಯದ ಮಿತ್ರನಾಗುತ್ತದೆ.

ನನ್ನ ಸೂಚನೆಯು ಚಿಕ್ಕದು. ಸಾವಳಗಿ ಹೋಬಳಿಯಲ್ಲಿ ಒಂದು ಟಿಸಿಯನ್ನು ಆರಿಸಿ, ಅದರ ಕೆಳಗಿನ ಎಲ್ಲ ರೈತರ ಒಪ್ಪಿಗೆ ಪಡೆದು, ಪಂಪು ಪಂಪಿಗೂ ಮೀಟರು ಕೂರಿಸಲಿ. ಬಿಲ್ಲು ಬರಲಾರದೆಂದು ಸರಕಾರವು ಬರೆದುಕೊಡಲಿ. ಅದಕ್ಕೆ ಪ್ರತಿಯಾಗಿ ವಿದ್ಯುತ್ ಕಂಪನಿಯಾದ ಹೆಸ್ಕಾಂ ಸಹ ಆ ಏಳು ತಾಸು ತ್ರೀ ಫೇಸನ್ನು ಹಗಲಿನಲ್ಲಿಯೇ, ಮುಂಚಿತವಾಗಿ ಸಾರಿದ ಹೊತ್ತಿಗೆ ಕೊಡುವ ಕರಾರಿಗೆ ಒಳಪಡಲಿ, ಏಕೆಂದರೆ ಒಂದೇ ಕಡೆಯಿಂದ ಲೆಕ್ಕ ಕೇಳುವ ವ್ಯವಹಾರವು ನಿಲ್ಲಲಾರದು. ತಿಂಗಳಿಗೊಮ್ಮೆ ಲೈನ್‌ಮನ್ ಹಾಗೂ ಇಬ್ಬರು ರೈತರು ಕೂಡಿ ಮೀಟರು ಓದಿ, ಊರಿನ ಸೊಸೈಟಿಯ ಗೋಡೆಯ ಹಲಗೆಯ ಮೇಲೆ ಎಕರೆವಾರು ಯೂನಿಟ್ಟುಗಳನ್ನೂ, ಕೊಟ್ಟ ತಾಸುಗಳನ್ನೂ, ತಪ್ಪಿದ ತಾಸುಗಳನ್ನೂ ಬರೆಯಲಿ. ಉಳಿಸಿದ ಯೂನಿಟ್ಟಿಗೆ ಪಂಜಾಬಿನ ಮಾದರಿಯಲ್ಲಿ ಹಣ ಸಲ್ಲಲಿ; ಆ ಉಳಿತಾಯದ ಹಣವು ಹನಿ ನೀರಾವರಿಗೋ ಬಸಿಗಾಲುವೆಗೋ ಸಲ್ಲಲೆಂದು ಬಯಸುವವರು ಅದನ್ನು ಅಲ್ಲಿಯೇ ನಿರ್ಣಯಿಸಿಕೊಳ್ಳಲಿ. ಈ ಕೆಲಸಕ್ಕೆ ಹೊರಗಿನ ತಜ್ಞರನ್ನು ಹುಡುಕುವ ಅಗತ್ಯ ಬಾರದು. 1989ರಲ್ಲಿ ವಂತಿಗೆಯ ವಹಿಗಳನ್ನು ಬರೆದವರಲ್ಲಿ ಕೆಲವರಾದರೂ ಚಿಕ್ಕಪಡಸಲಗಿಯ ಸುತ್ತಲಿನ ಊರುಗಳಲ್ಲಿ ಇಂದಿಗೂ ಇದ್ದಾರು. ಮೊದಲನೆಯ ವರ್ಷದ ಹಲಗೆಯನ್ನು ಬರೆಯುವ ಕೆಲಸವನ್ನು ವಹಿಸಿಕೊಳ್ಳಬೇಕೆಂದು ಅವರನ್ನೇ ಕೇಳಬೇಕು, ಅವರ ಕೈಕೆಳಗೆ ಆ ಮೊಬೈಲಿನ ತರುಣನನ್ನು ಕೂರಿಸಬೇಕು.