ಬಿದ್ದ ಅಧಿಕಾರಿ, ಬೀಳದ ಅಧಿಕಾರಿ

ನಾಜಿಗಳ ವಶದಲ್ಲಿದ್ದ ಬೆಲರೂಸನ್ನು ಮಿನ್ಸ್ಕ್‌ನಲ್ಲಿ ಕೂತು ಆಳುತ್ತಿದ್ದ ವಿಲ್ಹೆಲ್ಮ್ ಕೂಬೆ 1943ರ ಸೆಪ್ಟೆಂಬರಿನಲ್ಲಿ ಸತ್ತ. ಮನೆಗೆಲಸದ ಯೆಲೆನಾ ಮಜಾನಿಕ್ ಅವನ ಹಾಸಿಗೆಯಡಿ ಬಾಂಬಿಟ್ಟಿದ್ದಳು. ಓದಿದವರು ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುತ್ತಾರೆ. ಆದರೆ ಉಂಡವರೆಲ್ಲ ಮಾಡಿದ ಲೆಕ್ಕಕ್ಕೆ ತಕ್ಕಂತೆಯೇ ಉಂಡರೇ?

ನಮ್ಮ ಮೂಡಿಗೆರೆಗೆ ತಾಗಿದ ಬಲಂ ಸೀಮೆಯನ್ನೇ ನೋಡಿ. ಟಿಪ್ಪು ಸತ್ತ ಮೇಲೂ ಐಗೂರಿನ ಪಾಳೇಗಾರ ಕೃಷ್ಣಪ್ಪ ನಾಯಕ ಕಂಪನಿಗೆ ಬಗ್ಗಲಿಲ್ಲ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ದಂಡು ತಂದು ಅರೆಕೆರೆ ಹಿಡಿದ. ಮತ್ತೆ ಯಾರೂ ಅಡಗದಂತೆ ಕಾಡು ಕಡಿಸಿ ದಾರಿ ಮಾಡಿಸಿದ. ಫೆಬ್ರುವರಿಯಲ್ಲಿ ನಾಯಕನನ್ನು ಗಲ್ಲಿಗೇರಿಸಲಾಯಿತು. ವೆಲ್ಲೆಸ್ಲಿ ಮುಂದೆ ವಾಟರ್ಲೂ ಗೆದ್ದ, ಡ್ಯೂಕ್ ಆದ, 1828ರಲ್ಲಿ ಪ್ರಧಾನಿಯೂ ಆದ. (ಬಿಳಿ ದೊರೆಗಳು ರಸ್ತೆ ಮಾಡಿಸಿದರು ಎಂದು ನಮ್ಮ ತೋಟದವರು ಹೊಗಳುವಾಗ ಈ ದಾರಿಗಳು ಯಾರ ನೆನಪಿಗೂ ಬರುವುದಿಲ್ಲ.)

ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಆ ಅದೃಷ್ಟ ಇರಲಿಲ್ಲ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ, ದತ್ತಕದ ಕಾಗದದ ಮೇಲೆ ಥ್ಯಾಕರೆಗೆ ಅನುಮಾನ. ಅನುಮಾನ ಪಡುವುದು ಅವನ ಕೆಲಸವೇ. ಮೇಲಿನವರ ತೀರ್ಮಾನ ಬರುವವರೆಗೆ ಕಾಯಬಹುದಿತ್ತು. ಅವನು ಖಜಾನೆಗೆ ಮೊಹರು ಹಾಕಿಸಿದ, ಅಕ್ಟೋಬರ್ 23ರಂದು ಕೋಟೆ ಬಾಗಿಲಿಗೆ ತೋಪು ತಂದು ನಿಲ್ಲಿಸಿದ. ಬಾಗಿಲು ತೆರೆಯಿತು, ಒಳಗಿನವರು ಮುಗಿಬಿದ್ದರು, ಥ್ಯಾಕರೆ ಅಲ್ಲೇ ಸತ್ತ. ಸೆರೆಸಿಕ್ಕ ಸಹಾಯಕ ವಾಲ್ಟರ್ ಎಲಿಯಟ್ ಜೀವಂತ ಬಿಡುಗಡೆಯಾದ. ಮುಂದೆ ನಮ್ಮ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿದ.

ಪತನವೇ ಪಾಪದ ಅಳತೆಗೋಲಾದರೆ ಥ್ಯಾಕರೆ ಪಾಪಿ, ವೆಲ್ಲೆಸ್ಲಿ ಪುಣ್ಯವಂತ. ಇದು ಒಪ್ಪುವ ಮಾತಲ್ಲ. ಬೀಳುವುದು ಎದುರಾಳಿಯ ಬಲಕ್ಕೂ ಆ ಹೊತ್ತಿನ ಗ್ರಹಚಾರಕ್ಕೂ ಸೇರಿದ್ದು. ನಾಜಿಗಳ ಪರವಾಗಿ ಪೋಲೆಂಡ್ ಆಳಿದ ಹಾನ್ಸ್ ಫ್ರಾಂಕ್‌ನನ್ನು 1946ರಲ್ಲಿ ನೇಣಿಗೆ ಹಾಕಲು ಸಾಧ್ಯವಾದದ್ದು ಜರ್ಮನಿ ಸೋತದ್ದರಿಂದ. ಆದರೆ ಅವನು ಅಪರಾಧಿಯಾದದ್ದು ಕ್ರಾಕೋವ್ ಕೋಟೆಯಲ್ಲಿ ಕೂತು ಆಜ್ಞೆಗಳಿಗೆ ರುಜು ಹಾಕಿದಾಗಲೇ. ಗೆದ್ದಿದ್ದರೂ ಅಪರಾಧಿಯೇ. ಥ್ಯಾಕರೆಯನ್ನು ಆ ಕೊಲೆಗಡುಕರ ಸಾಲಿನಲ್ಲಿ ಕೂರಿಸುವುದು ತಪ್ಪು, ನಿಜ. ಆದರೂ ಫ್ರಾಂಕ್‌ಗೂ ಥ್ಯಾಕರೆಗೂ ಕೇಳಬೇಕಾದ ಪ್ರಶ್ನೆ ಒಂದೇ: ರುಜು ಹಾಕುವ ಹೊತ್ತಿಗೆ ಬೇರೆ ದಾರಿ ಇತ್ತೇ?

ಪತನವನ್ನು ನೆಚ್ಚಿಕೊಳ್ಳಬಾರದು ಎನ್ನಲು ಇನ್ನೊಂದು ಕಾರಣವುಂಟು. ಥ್ಯಾಕರೆ ಸತ್ತರೂ ದತ್ತಕದ ಮೇಲಿನ ಅವನ ಅನುಮಾನ ಸಾಯಲಿಲ್ಲ. ಡಿಸೆಂಬರಿನಲ್ಲಿ ಕಮಿಷನರ್ ಚಾಪ್ಲಿನ್ ದೊಡ್ಡ ಸೈನ್ಯದೊಂದಿಗೆ ಬಂದ, ಕಿತ್ತೂರು ಬಿತ್ತು. ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ದತ್ತಕವನ್ನು ಕಂಪನಿ ಕೊನೆಗೂ ಒಪ್ಪಲಿಲ್ಲ.